ಪಿಸುಪಿಸು ಮಿಸ್ಸು ಮತ್ತು ಐದು ಉತ್ತರಗಳು

ಮೊದಲು ನನ್ನ ಗಂಟಲಿನ ಬಗ್ಗೆ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ನನ್ನ ವಿದ್ವತ್ತೆಲ್ಲ ಇದ್ದದ್ದು ಅಲ್ಲೇ. ಆರನೇ ತರಗತಿ ‘ಬಿ’ ವಿಭಾಗಕ್ಕೆ ನಾನು ವಿಜ್ಞಾನ ಹೇಳಲು ನಿಂತರೆ, ಮರದ ಅಡ್ಡಗೋಡೆಯ ಆಚೆ ‘ಎ’ ವಿಭಾಗದ ಮಕ್ಕಳೂ ಅದನ್ನೇ ಬರೆದುಕೊಳ್ಳುತ್ತಿದ್ದರು. ಅಲ್ಲಿ ಆಗ ನಡೆಯುತ್ತಿದ್ದದ್ದು ಭಾಗಾಕಾರ. ಲೆಕ್ಕದ ಟೀಚರು ಡಸ್ಟರಿನಿಂದ ಅಡ್ಡಗೋಡೆಯನ್ನು ಮೂರು ಸಲ ಕುಟ್ಟುತ್ತಿದ್ದರು. ಮೂರು ಸಲ ಕುಟ್ಟಿದರೆ ‘ಸ್ವಲ್ಪ ಮೆಲ್ಲಗೆ ಮಾರಾಯರೇ’ ಎಂದರ್ಥ. ಹನ್ನೊಂದು ವರ್ಷ ಕುಟ್ಟಿ ಕುಟ್ಟಿ ಆ ಜಾಗದಲ್ಲಿ ಬಣ್ಣ ಕಿತ್ತುಹೋಗಿ ಅಂಗೈಯಗಲದ ಗುಳಿ ಬಿದ್ದಿದೆ. ಮಕ್ಕಳು ನನಗೆ ‘ಗುಡುಗು ಸರ್’ ಎಂದು ಹೆಸರಿಟ್ಟಿದ್ದರು. ನಾನದನ್ನು ಬಿರುದು ಅಂದುಕೊಂಡು ಓಡಾಡುತ್ತಿದ್ದೆ.

ಇಂಥ ನನ್ನ ಕೈಕೆಳಗೆ ಕಲಿಯಲಿ ಎಂದು ತರಬೇತಿ ಕಾಲೇಜಿನವರು ಕಳಿಸಿದ್ದು ಯಾರನ್ನು ಅಂತೀರಿ? ಪಕ್ಕದಲ್ಲಿ ನಿಂತು ಮಾತಾಡಿದರೂ ಪಕ್ಕದವರಿಗೆ ಕೇಳಿಸದ ಒಬ್ಬ ಹೆಂಗಸನ್ನು.

ಪ್ರತಿ ವರ್ಷ ಆರು ವಾರದ ಮಟ್ಟಿಗೆ ನಮ್ಮ ಶಾಲೆಗೆ ನಾಲ್ಕು ಜನ ತರಬೇತಿ ಶಿಕ್ಷಕರು ಬರುತ್ತಾರೆ. ಒಬ್ಬೊಬ್ಬರನ್ನು ಒಬ್ಬೊಬ್ಬ ಹಳೇ ಮೇಷ್ಟ್ರ ಕೈಗೆ ಒಪ್ಪಿಸುತ್ತಾರೆ. ಹಳೇ ಮೇಷ್ಟ್ರಿಗೆ ಆಗ ‘ಮಾರ್ಗದರ್ಶಕ’ ಎಂಬ ಪದವಿ. ಮಾಡಬೇಕಾದದ್ದು ಇಷ್ಟೇ: ದಿನಾ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಅವರ ಪಾಠ ನೋಡಬೇಕು, ವೀಕ್ಷಣಾ ಪುಸ್ತಕದಲ್ಲಿ ಎರಡು ಸಾಲು ಬರೆದು ಸಹಿ ಹಾಕಬೇಕು. ಕೊನೆಗೆ ಕಾಲೇಜಿನಿಂದ ಪರೀಕ್ಷಕರು ಬಂದು ‘ಅಂತಿಮ ಪಾಠ’ ನೋಡಿ ಪಾಸು ಫೇಲು ಹೇಳುತ್ತಾರೆ. ನಿಜ ಹೇಳಬೇಕೆಂದರೆ ನಮಗೆಲ್ಲ ಅದು ಆರು ವಾರದ ವಿಶ್ರಾಂತಿ. ಗದ್ದೆಗೆ ಬೇರೆಯವರ ಎತ್ತು ಬಂದಾಗ ಮನೆಯ ಎತ್ತು ಮಲಗಿ ಮೆಲುಕು ಹಾಕುವುದಿಲ್ಲವೇ, ಹಾಗೆ.

ಮೊದಲನೇ ದಿನ ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಮೂವತ್ತಾರು ವರ್ಷ ಇರಬಹುದು. ಹೆಗಲಲ್ಲಿ ಒಂದು ಚೀಲ, ಎದೆಗವುಚಿಕೊಂಡ ಫೈಲು.

“ಸರ್, ನಾನು ನಿಮ್ಮ ಹತ್ತಿರ ಕಲಿಯೋಕೆ ಬಂದಿ…”

“ಏನು?”

“ಕಾಲೇಜಿಂದ ನಿಮ್ಮ ಹತ್ತಿರ ಹಾಕಿ…”

“ಸ್ವಲ್ಪ ಜೋರಾಗಿ ಹೇಳಿ ತಾಯಿ, ಇಲ್ಲೇನೂ ರೋಗಿಗಳು ಮಲಗಿಲ್ಲ.”

ಆಕೆ ನಕ್ಕುಬಿಟ್ಟರು. “ಅಭ್ಯಾಸ ಸರ್. ಹನ್ನೊಂದು ವರ್ಷ ಆಸ್ಪತ್ರೆಯಲ್ಲೇ ಇದ್ದೆ. ಟೋಕನ್ ಕೊಡೋ ಕಿಟಕಿಯಲ್ಲಿ.”

ಆಮೇಲೆ ಒಂದೊಂದೇ ಗೊತ್ತಾಯಿತು. ಮನೆಯಲ್ಲಿ ಬಸ್ ಡಿಪೋದ ಮೆಕ್ಯಾನಿಕ್ಕಾದ ಗಂಡ, ಒಬ್ಬಳು ಮಗಳು, ಹೊಲಿಗೆ ಮಾಡಿ ಮಗನನ್ನು ಸಾಕಿದ ಅತ್ತೆ. ಟೀಚರ್ ಆಗಬೇಕೆಂಬ ಆಸೆ ಸೊಸೆಯದು, ಆದರೆ “ಹೋಗು, ಮನೆ ನಾನು ನೋಡ್ಕೋತೀನಿ” ಎಂದು ಬೆನ್ನಿಗೆ ಕೈಯಿಟ್ಟು ದಬ್ಬಿದ್ದು ಅತ್ತೆ. ಆಸ್ಪತ್ರೆಯವರು ಎರಡು ವರ್ಷ ಸಂಬಳವಿಲ್ಲದ ರಜೆ ಕೊಟ್ಟಿದ್ದರು. ಹೋದ ವರ್ಷ ಅಂತಿಮ ಪಾಠದಲ್ಲಿ ಫೇಲು. ಪರೀಕ್ಷಕರು ಬರೆದ ಕಾರಣ ಒಂದೇ ಸಾಲು: ‘ಧ್ವನಿ ತರಗತಿಯನ್ನು ತಲುಪುವುದಿಲ್ಲ.’ ಈ ಸಲದ್ದು ಎರಡನೇ ಅವಕಾಶ, ಮೂರನೆಯದು ನಿಯಮದಲ್ಲೇ ಇಲ್ಲ. ಈ ಸಲವೂ ಫೇಲಾದರೆ ಮುಂದಿನ ತಿಂಗಳು ಮತ್ತೆ ಅದೇ ಕಿಟಕಿ, ಅದೇ ‘ನೆಕ್ಸ್ಟ್’.

“ಟೋಕನ್ ಕಿಟಕಿಯಲ್ಲಿ ಗಲಾಟೆ ಇರುತ್ತಲ್ಲ, ಅಲ್ಲಿ ಹೇಗೆ ಮಾತಾಡ್ತಿದ್ರಿ?” ಎಂದು ಕೇಳಿದೆ.

“ಬರೋರೆಲ್ಲ ಕೂಗ್ತಾನೇ ಬರ್ತಾರೆ ಸರ್. ನಾವೂ ಕೂಗಿದ್ರೆ ಜಗಳ. ನಾವು ಮೆಲ್ಲಗೆ ಮಾತಾಡಿದ್ರೆ, ಕೇಳಿಸ್ಕೊಳ್ಳೋಕಾದ್ರೂ ಅವರು ಬಾಯಿ ಮುಚ್ಚಬೇಕಲ್ಲ.”

“ಆಸ್ಪತ್ರೆ ಬೇರೆ, ಆರನೇ ‘ಬಿ’ ಬೇರೆ ಅಮ್ಮಾ. ಇಲ್ಲಿ ಇರೋದು ವಾಸಿಯಾಗೋ ಕಾಯಿಲೆ ಅಲ್ಲ” ಎಂದು ನಾನು ಗುಡುಗಿದೆ. ಸ್ಟಾಫ್ ರೂಮು ನಕ್ಕಿತು. ನನ್ನ ಮಾತಿಗೆ ನಾನೇ ಎಲ್ಲರಿಗಿಂತ ಜಾಸ್ತಿ ನಕ್ಕೆ.

ಮೊದಲ ಪಾಠ ನೋಡಲು ಹಿಂದೆ ಕೂತೆ. ಆಕೆ ಗಾಳಿಯ ಬಗ್ಗೆ ಹೇಳಿದರು. ಗಾಳಿಯೇ ಬಂದು ಹೇಳಿದ್ದರೂ ಅದಕ್ಕಿಂತ ಜೋರಾಗಿ ಕೇಳಿಸುತ್ತಿತ್ತೋ ಏನೋ. ಮುಂದಿನ ಎರಡು ಬೆಂಚಿಗೆ ಅರ್ಧ ಮಾತು, ನಡುವಿನ ಬೆಂಚಿಗೆ ತುಟಿಯ ಆಟ. ಹಿಂದಿನ ಬೆಂಚಿನಲ್ಲಿ ಪೆನ್ನಿನ ಕ್ಯಾಪು ಹಾರಿಸುವ ಪಂದ್ಯ. ಆಕೆಯದು ಇನ್ನೊಂದು ತೊಂದರೆ: ವಾಕ್ಯದ ಬಾಲ ನುಂಗುವುದು. ನಮ್ಮ ಭಾಷೆಯಲ್ಲಿ ಮಾತಿನ ಜೀವ ಇರುವುದೇ ಬಾಲದಲ್ಲಿ. “ಯಾರೂ ಕಿಟಕಿ ಹತ್ತಿರ ಹೋಗ…” ಎಂದು ಆಕೆ ನಿಲ್ಲಿಸಿದರೆ, ಹೋಗಿ ಎಂದೋ ಹೋಗಬೇಡಿ ಎಂದೋ ತಿಳಿಯದೆ ಆರು ಜನ ಹೋಗಿ ನೋಡಿಕೊಂಡು ಬಂದರು. ಕೊನೆಗೆ ನಾನೇ ಹಿಂದಿನಿಂದ “ಏಯ್!” ಎಂದೆ. ತರಗತಿ ಸ್ತಬ್ಧವಾಯಿತು. ಕಿಟಕಿಯ ಪಾರಿವಾಳಗಳು ಹಾರಿಹೋದವು. ಅಡ್ಡಗೋಡೆಗೆ ಮೂರು ಏಟು ಬಿತ್ತು. ವಾರ ಮುಗಿಯುವ ಮೊದಲೇ ಮಕ್ಕಳು ಆಕೆಗೆ ‘ಪಿಸುಪಿಸು ಮಿಸ್’ ಎಂದು ಹೆಸರಿಟ್ಟಾಗಿತ್ತು.

ನಾಲ್ಕು ದಿನ ಹೀಗೆ ಕೂತೆ. ಐದನೇ ದಿನದಿಂದ ನನ್ನ ವೀಕ್ಷಣೆ ಸ್ಟಾಫ್ ರೂಮಿಗೆ ವರ್ಗವಾಯಿತು. ಅಲ್ಲಿ ಕಿಟಕಿ ಪಕ್ಕ ಕೈಯಿರುವ ಕುರ್ಚಿ ಒಂದೇ ಇರುವುದು; ಅದನ್ನು ಬಿಟ್ಟು ಎದ್ದರೆ ಡ್ರಿಲ್ ಮೇಷ್ಟ್ರು ಆಕ್ರಮಿಸಿಬಿಡುತ್ತಾರೆ. ಆದ್ದರಿಂದ ಅಲ್ಲೇ ಕೂತು, ಟೀ ಕುಡಿಯುತ್ತಾ ದಿನಾ ಬರೆದೆ: ‘ಪಾಠ ಗಮನಿಸಿದೆ. ಚೆನ್ನಾಗಿದೆ. ಧ್ವನಿ ಏರಿಸಬೇಕು.’ ಕೆಲವು ಸಲ ಗುರುವಾರವೇ ಶನಿವಾರದ್ದನ್ನೂ ಬರೆದಿಟ್ಟೆ. ಮುಂದಾಲೋಚನೆ ಎನ್ನುವುದು ಅನುಭವಿಗಳ ಲಕ್ಷಣ.

ಆ ತರಗತಿಯಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಸಂಜೆ ಕೊನೇ ಗಂಟೆ ಹೊಡೆದ ಮೇಲೆ ಆ ನಾಲ್ಕು ಜನ ತರಬೇತಿಯವರು ಖಾಲಿ ತರಗತಿಯಲ್ಲಿ ಅರ್ಧ ಗಂಟೆ ಉಳಿಯುತ್ತಿದ್ದರಂತೆ. ಒಬ್ಬರು ಪಾಠ ಮಾಡುವುದು, ಮೂವರು ಕೊನೇ ಬೆಂಚಿನಲ್ಲಿ ಪೆನ್ಸಿಲ್ ಹಿಡಿದು ಕೂರುವುದು. ವಾಕ್ಯದ ಬಾಲ ಕೇಳಿಸದಿದ್ದರೆ ಪೆನ್ಸಿಲ್ ಮೇಲಕ್ಕೆ. ಮೊದಲ ದಿನ ಪಿಸುಪಿಸು ಮಿಸ್ಸಿನ ಪಾಠದಲ್ಲಿ ಮೂರು ಪೆನ್ಸಿಲ್ಲೂ ಕೆಳಗಿಳಿಯಲೇ ಇಲ್ಲ. ಮೂರನೇ ವಾರಕ್ಕೆ ಒಂದೋ ಎರಡೋ. ಆಕೆ ಧ್ವನಿ ಏರಿಸಿರಲಿಲ್ಲ. ಮಾತನ್ನು ಪೂರ್ತಿ ಆಡಲು ಕಲಿತಿದ್ದರು, ಅಷ್ಟೇ. ಮನೆಯಲ್ಲಿ ಅತ್ತೆಯ ಮುಂದೆ ಇನ್ನೊಂದು ಸುತ್ತು. ಅತ್ತೆಗೆ ಕಿವಿ ಮಂದ. ಅವರು ತರಕಾರಿ ಹೆಚ್ಚುತ್ತಾ ಕೂತು, ಕೇಳಿಸಿದರೆ ತಲೆ ಆಡಿಸುತ್ತಿದ್ದರು, ಕೇಳಿಸದಿದ್ದರೆ ಚಾಕು ಆಡಿಸುತ್ತಿದ್ದರು.

ಇತ್ತ ಮಕ್ಕಳೂ ಬದಲಾಗಿದ್ದರು. ಗಲಾಟೆ ಜಾಸ್ತಿಯಾದರೆ ಈ ಮಿಸ್ಸು ಇನ್ನೂ ಮೆಲ್ಲಗಾಗುತ್ತಾರೆ ಎಂದು ಅವರಿಗೆ ತಿಳಿದುಹೋಗಿತ್ತು. “ಶ್, ಕೇಳಿಸ್ತಿಲ್ಲ ಕಣ್ರೋ” ಎಂದು ಅವರೇ ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಿದ್ದರು. ನಾಲ್ಕನೇ ವಾರದ ಹೊತ್ತಿಗೆ ಆರನೇ ‘ಬಿ’ಯಲ್ಲಿ ಫ್ಯಾನಿನ ಕಿರಕಿರ ಕೇಳಿಸುವಷ್ಟು ನಿಶ್ಶಬ್ದ. ಇದನ್ನು ನೋಡದೇ ಇದ್ದ ಪ್ರಾಣಿ ಇಡೀ ಶಾಲೆಯಲ್ಲಿ ಒಂದೇ. ಅದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ‘ಧ್ವನಿ ಏರಿಸಬೇಕು’ ಎಂದು ಬರೆಯುತ್ತಿತ್ತು.

ಐದನೇ ವಾರ ಅತ್ತೆಯವರೇ ಶಾಲೆಗೆ ಬಂದರು. ಸೊಸೆ ಮರೆತು ಬಂದ ಚಾರ್ಟನ್ನು ಸುರುಳಿ ಸುತ್ತಿ ತಂದಿದ್ದರು. ಬುಧವಾರ ಅದು, ಬುಧವಾರ ಮಧ್ಯಾಹ್ನ ತರಬೇತಿಯವರಿಗೆ ಕಾಲೇಜಿನಲ್ಲಿ ಸಭೆ. ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ.

“ಕೊಡಿ ಅಮ್ಮಾ, ನಾನು ತಲುಪಿಸ್ತೀನಿ” ಎಂದೆ.

ಮುದುಕಿಯ ಮುಖ ಅರಳಿತು. “ಅಬ್ಬಾ! ಈ ಶಾಲೆಗೆ ಬಂದು ಹತ್ತು ನಿಮಿಷ ಆಯ್ತು, ಒಬ್ಬರ ಮಾತೂ ಕಿವಿಗೆ ಬಿದ್ದಿರಲಿಲ್ಲ. ನಿಮ್ಮದೊಂದೇ ನೋಡಿ ನೆಟ್ಟಗೆ ಕೇಳಿಸಿದ್ದು. ನೀವೇನಾ ಅವಳ ಮೇಷ್ಟ್ರು?”

ಇಪ್ಪತ್ತೆರಡು ವರ್ಷದಲ್ಲಿ ನನ್ನ ಗಂಟಲಿಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಎದ್ದು ನನ್ನ ಕುರ್ಚಿಯನ್ನೇ ಕೊಟ್ಟೆ.

“ಮೇಷ್ಟ್ರೇ, ಸೋಮವಾರ ಅವಳ ಪರೀಕ್ಷೆ. ಹೋದ ವರ್ಷ ಫೇಲಾದಾಗ ಅತ್ತಿದ್ದೂ ಸದ್ದಿಲ್ದೆ. ನನಗಂತೂ ಕೇಳಿಸ್ಲೇ ಇಲ್ಲ, ದಿಂಬು ಒದ್ದೆ ಆಗಿದ್ದು ನೋಡಿ ತಿಳ್ಕೊಂಡೆ. ಈ ಸಲ ಹೇಗಾದ್ರೂ ನೋಡ್ಕೊಳ್ಳಿ.”

“ನೀವು ನಿಶ್ಚಿಂತೆಯಾಗಿರಿ ಅಮ್ಮಾ. ನಾನಿದ್ದೀನಿ” ಎಂದೆ.

ಜಗತ್ತಿನ ಅನಾಹುತಗಳಲ್ಲಿ ಅರ್ಧ ಈ ‘ನಾನಿದ್ದೀನಿ’ಯಿಂದಲೇ ಆಗುವುದು.

ಅವರು ಹೋದ ಮೇಲೆ ಸೊಸೆಯ ಫೈಲಿನ ಕಡೆ ಕಣ್ಣು ಹೋಯಿತು. ಸೋಮವಾರದ ಪಾಠ ಯೋಜನೆ ಮೇಜಿನ ಮೇಲೇ ಇತ್ತು. ಪಾಠ ಯೋಜನೆ ಎಂದರೆ ಮೂರು ಮನೆಗಳ ಒಂದು ಪಟ್ಟಿ: ಎಡಕ್ಕೆ ವಿಷಯ, ನಡುವೆ ಶಿಕ್ಷಕಿ ಕೇಳುವ ಪ್ರಶ್ನೆ, ಬಲಕ್ಕೆ ‘ಮಕ್ಕಳಿಂದ ನಿರೀಕ್ಷಿತ ಉತ್ತರ’. ನೀರು ಆವಿಯಾಗುವ ಪಾಠ, ಐದು ಪ್ರಶ್ನೆ, ಐದು ಉತ್ತರ. ನೋಡುತ್ತಿದ್ದಂತೆ ನನ್ನ ಬುದ್ಧಿಗೆ ಮಿಂಚು ಹೊಡೆಯಿತು. ಗುಡುಗಿಗೆ ಮಿಂಚು ಹೊಡೆಯುವುದು ಅಪರೂಪ. ಹೊಡೆದಾಗ ಹೀಗೇ ಆಗುತ್ತದೆ.

ಬಲಗಡೆಯ ಐದು ಉತ್ತರಗಳನ್ನು ಒಂದು ಚೀಟಿಗೆ ಇಳಿಸಿಕೊಂಡು ಆರನೇ ‘ಬಿ’ಗೆ ಹೋದೆ.

“ನೋಡಿ ಮಕ್ಕಳೇ, ಸೋಮವಾರ ಮಿಸ್ ಪಾಸಾಗಬೇಕಾ ಬೇಡ್ವಾ?”

“ಆಗ್ಬೇಕು ಸರ್!” ನಲವತ್ತೊಂದು ಗಂಟಲು.

“ಹಾಗಾದ್ರೆ ಇದನ್ನ ಬಾಯಿಪಾಠ ಮಾಡಿ. ಒಂದು: ‘ಒಣಗಿದೆ ಮಿಸ್.’ ಎರಡು: ‘ಗಾಳಿಯಲ್ಲಿ ಸೇರಿಹೋಯಿತು ಮಿಸ್.’ ಮೂರು: ‘ಬಿಸಿಲು ಮತ್ತು ಗಾಳಿ ಬೇಕು ಮಿಸ್.’ ನಾಲ್ಕು: ‘ಆವಿಯಾಗುವಿಕೆ ಮಿಸ್.’ ಐದು: ‘ಒಗೆದು ಹಾಕಿದ ಬಟ್ಟೆ ಮಿಸ್.’ ಮಿಸ್ ಕೇಳೋ ಪ್ರಶ್ನೆ ನಿಮಗೆ ಕೇಳಿಸಲ್ಲ, ಕೇಳಿಸ್ಕೊಳ್ಳೋಕೂ ಹೋಗ್ಬೇಡಿ. ಪ್ರಶ್ನೆ ಮುಗಿದ ತಕ್ಷಣ ಅವರು ಚಾಕ್‌ಪೀಸ್ ಹಿಡಿದ ಕೈ ಮೇಲೆತ್ತುತ್ತಾರಲ್ಲ? ಅದನ್ನ ನೋಡ್ತಿರಿ. ಮೊದಲನೇ ಸಲ ಎತ್ತಿದ್ರೆ ಒಂದನೇ ಉತ್ತರ, ಎರಡನೇ ಸಲ ಎತ್ತಿದ್ರೆ ಎರಡನೇದು. ಗೊತ್ತಾಯ್ತಾ?”

ತರಗತಿಯ ಲೀಡರ್ ಹುಡುಗಿ ಎದ್ದು ನಿಂತಳು. ಇವಳು ಹುಟ್ಟಿದಾಗಲೇ ಕೈಯೆತ್ತಿ ಹುಟ್ಟಿರಬೇಕು.

“ಸರ್, ಆದ್ರೆ ನಮಗೆ ಮಿಸ್ ಹೇಳೋದು ಕೇಳ್ಸುತ್ತೆ ಸರ್.”

“ಕೇಳ್ಸಲ್ಲ. ಕೂತ್ಕೋ.”

ಅವಳು ಕೂತಳು. ನಾಲ್ಕು ಸಲ ತಾಲೀಮು ಮಾಡಿಸಿದೆ. ನಾನೇ ಚಾಕ್‌ಪೀಸ್ ಎತ್ತಿದೆ, ಇಳಿಸಿದೆ. ಸಿಪಾಯಿಗಳ ಕವಾಯತು ಅದರ ಮುಂದೆ ಏನೂ ಅಲ್ಲ. “ಮಿಸ್‌ಗೆ ಹೇಳ್ಬೇಡಿ, ಇದು ಸರ್ಪ್ರೈಸ್” ಎಂದು ಎಚ್ಚರಿಸಿ ಹೊರಬಂದೆ. ಉಪಕಾರ ಮಾಡಿದವನ ನಡಿಗೆಯೇ ಬೇರೆ ಇರುತ್ತದೆ ನೋಡಿ. ಅವತ್ತು ಮನೆಗೆ ಹಾಗೆ ನಡೆದು ಹೋದೆ.

ಸೋಮವಾರ ಮೂರನೇ ಪೀರಿಯಡ್ಡು. ಪರೀಕ್ಷಕಿ ಬಂದರು. ಚೂಪು ಮಾಡಿದ ಪೆನ್ಸಿಲ್ಲಿನಂತೆ ಉದ್ದಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದರು. ಹಿಂದಿನ ಬೆಂಚಿನಲ್ಲಿ ಅವರು, ಪಕ್ಕದಲ್ಲಿ ಹೆಡ್‌ಮಿಸ್ಸು, ಅವರ ಪಕ್ಕದಲ್ಲಿ ಮಂಡಿ ಡೆಸ್ಕಿಗೆ ತಾಗಿಸಿಕೊಂಡು ನಾನು. ಗೋಡೆಗೊರಗಿ ಉಳಿದ ಮೂವರು ತರಬೇತಿಯವರು.

ಪಿಸುಪಿಸು ಮಿಸ್ ಒಳಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಕೈ ಮಾತ್ರ ಸ್ಥಿರವಾಗಿತ್ತು. ಭಾನುವಾರ ಆ ನಾಲ್ವರು ಸೇರಿ ಒಂದು ಸಣ್ಣ ಬದಲಾವಣೆ ಮಾಡಿದ್ದರಂತೆ: ನೇರವಾಗಿ ಪಾಠಕ್ಕೆ ಹಾರುವ ಬದಲು ಮೊದಲು ಮಕ್ಕಳನ್ನು ಪ್ರೀತಿಯಿಂದ ವಿಚಾರಿಸಿಕೊಳ್ಳುವುದು. ಒಳ್ಳೇ ಬದಲಾವಣೆಯೇ. ಆದರೆ ಅವರು ನನಗೆ ಹೇಳಿರಲಿಲ್ಲ. ನಾನು ಅವರಿಗೆ ಹೇಳಿರಲಿಲ್ಲ.

ಆಕೆ ಮಕ್ಕಳ ಕಡೆ ನೋಡಿ ಮುಗುಳ್ನಕ್ಕರು.

“ಎಲ್ಲರೂ ಹೇಗಿದ್ದೀರಿ?” ಚಾಕ್‌ಪೀಸ್ ಮೇಲಕ್ಕೆ ಹೋಯಿತು.

“ಒಣಗಿದೆ ಮಿಸ್!”

ಪರೀಕ್ಷಕಿಯ ಪೆನ್ನು ನಿಂತಿತು. ಪಿಸುಪಿಸು ಮಿಸ್ ಒಂದು ಕ್ಷಣ ತಡವರಿಸಿದರು. ಆದರೂ ಬೋರ್ಡಿನ ಕಡೆ ಕೈತೋರಿಸಿ ಮುಂದಿನ ಪ್ರಶ್ನೆ ಕೇಳಿದರು. “ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆವಲ್ಲ, ಈ ಬೋರ್ಡು ಈಗ ಏನಾಗಿದೆ?”

“ಗಾಳಿಯಲ್ಲಿ ಸೇರಿಹೋಯಿತು ಮಿಸ್!”

ಎಲ್ಲರೂ ಬೋರ್ಡು ನೋಡಿದರು. ಪಾಪ, ಅದು ಗೋಡೆಯ ಮೇಲೇ ಇತ್ತು.

ಆಗ ನನಗೆ ಅರ್ಥವಾಯಿತು. ಆಕೆಯ ಒಂದೊಂದು ಮಾತೂ ಬಾಲ ಸಮೇತ ನನ್ನವರೆಗೆ, ಕಟ್ಟಕಡೆಯ ಬೆಂಚಿನವರೆಗೆ ಸ್ಪಷ್ಟವಾಗಿ ಬರುತ್ತಿತ್ತು. ಮಕ್ಕಳಿಗೂ ಕೇಳಿಸುತ್ತಿತ್ತು. ಪ್ರಶ್ನೆ ಬೇರೆ ಎಂದು ಅವರಿಗೆ ಗೊತ್ತಿತ್ತು. ಆದರೆ ಬೆನ್ನ ಹಿಂದೆ ಗುಡುಗು ಸರ್ ಕೂತಿದ್ದಾರೆ. ಕಿವಿಗೂ ಹೆದರಿಕೆಗೂ ಪಂದ್ಯ ನಡೆದು ಹೆದರಿಕೆ ಗೆದ್ದಿತ್ತು.

“ಹಾಗಾದ್ರೆ… ಬೋರ್ಡಿನ ಮೇಲಿದ್ದ ನೀರು ಎಲ್ಲಿ ಹೋಯಿತು?”

“ಬಿಸಿಲು ಮತ್ತು ಗಾಳಿ ಬೇಕು ಮಿಸ್!” ಈ ಸಲ ಅರ್ಧ ಜನರ ಧ್ವನಿಯಲ್ಲಿ ಅಳು ಸೇರಿತ್ತು. ಲೀಡರ್ ಹುಡುಗಿ ಹಿಂದೆ ತಿರುಗಿ ನನ್ನನ್ನು ನೋಡಿದಳು. ಅವಳ ಕಣ್ಣ ದಾರಿ ಹಿಡಿದು ಪಿಸುಪಿಸು ಮಿಸ್ಸೂ ನೋಡಿದರು. ನಾನು ಫ್ಯಾನು ನೋಡಿದೆ.

ಆಕೆಗೆ ತಿಳಿದುಹೋಯಿತು. ತಿಳಿದದ್ದು ಮುಖದಲ್ಲಿ ಕಂಡಿತು. ಎರಡು ವರ್ಷ, ಅತ್ತೆ, ಸಂಬಳವಿಲ್ಲದ ರಜೆ, ಟೋಕನ್ ಕಿಟಕಿ, ಎಲ್ಲ ಒಂದು ಸಲ ಆ ಮುಖದ ಮೇಲೆ ಹಾದುಹೋಯಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಆವಿಯಾಗುವಿಕೆಗೆ ಅದೂ ಒಂದು ಉದಾಹರಣೆಯಾಗಬಹುದಿತ್ತು, ಆದರೆ ಅದು ಆವಿಯಾಗಲೇ ಇಲ್ಲ.

ಆಕೆ ಚಾಕ್‌ಪೀಸನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಪಾಠ ಯೋಜನೆಯನ್ನು ಮಗುಚಿಟ್ಟರು. ಮೊದಲ ಬೆಂಚಿನ ಹತ್ತಿರ ಬಂದು, ಎಂದಿಗಿಂತ ಮೆಲ್ಲಗೆ ಹೇಳಿದರು: “ನಿಮಗೆ ಉತ್ತರಗಳು ಮೊದಲೇ ಗೊತ್ತಿವೆ ಅಂತ ಕಾಣುತ್ತೆ. ಎಷ್ಟು ಗೊತ್ತು?”

“ಐದು ಮಿಸ್” ಎಂದಳು ಲೀಡರ್ ಹುಡುಗಿ. “ನಂಬರ್ ಪ್ರಕಾರ.”

ಯಾರು ಹೇಳಿಕೊಟ್ಟರು ಎಂದು ಆಕೆ ಕೇಳುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಕೇಳಲಿಲ್ಲ.

“ಒಳ್ಳೇದಾಯ್ತು. ಐದನ್ನೂ ಬೋರ್ಡಿನ ಮೇಲೆ ಬರೀರಿ. ಇವತ್ತು ನನ್ನ ಹತ್ತಿರ ಪ್ರಶ್ನೆ ಇಲ್ಲ. ಪ್ರಶ್ನೆ ನೀವೇ ಹುಡುಕಬೇಕು. ಐದು ಗುಂಪು, ಒಂದೊಂದು ಗುಂಪಿಗೆ ಒಂದೊಂದು ಉತ್ತರ. ಐದು ನಿಮಿಷ.”

ತರಗತಿ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಆಕೆ ಗುಂಪಿನಿಂದ ಗುಂಪಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಕೇಳಿಸಿಕೊಂಡರು. ಐದು ನಿಮಿಷ ಮುಗಿದಾಗ ಸುಮ್ಮನೆ ಎದ್ದು ನಿಂತರು, ಅಷ್ಟೇ. ಗುಂಯ್‌ಗುಟ್ಟುವಿಕೆ ತಾನಾಗಿ ಇಳಿಯಿತು. ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡರು.

ಮೊದಲ ಗುಂಪಿಗೆ ಸಿಕ್ಕಿದ್ದು ‘ಒಣಗಿದೆ’. “ಆಟ ಆಡಿ ಬೆವತು ಬಂದ ಅಣ್ಣನ ಅಂಗಿ ಈಗ ಹೇಗಿದೆ?” ಎಂದು ಕೇಳಿ, ಅವರೇ ಸೇರಿಸಿದರು: “ಆದ್ರೆ ಮಿಸ್, ನೀರು ಹೋಯ್ತು, ವಾಸನೆ ಯಾಕೆ ಹೋಗ್ಲಿಲ್ಲ?”

“ನೀರು ಹೋಗುವಾಗ ಅದರ ಜೊತೆ ಇದ್ದದ್ದೆಲ್ಲ ಹೋಗುತ್ತಾ? ನಾಳೆ ಒಂದು ತಟ್ಟೆಯಲ್ಲಿ ಉಪ್ಪುನೀರು ಇಟ್ಟು ನೋಡೋಣ” ಎಂದರು ಆಕೆ.

ಎರಡನೇ ಗುಂಪಿನದು ‘ಗಾಳಿಯಲ್ಲಿ ಸೇರಿಹೋಯಿತು’. ಗುಂಪಿನಲ್ಲಿ ತಿವಿದಾಟ ನಡೆಯಿತು. ನೀನು ಹೇಳು, ನೀನು ಹೇಳು. ಕೊನೆಗೆ ಒಬ್ಬಳು ಎದ್ದು ಒಂದೇ ಉಸಿರಿಗೆ ಕೇಳಿದಳು: “ಗುಡುಗು ಸರ್ ಇಷ್ಟು ದಿನ ಮಾಡಿದ ಪಾಠ ಎಲ್ಲಿ ಹೋಯಿತು?”

ಅಡ್ಡಗೋಡೆಯ ಆಚೆಯಿಂದ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಹನ್ನೊಂದು ವರ್ಷದಲ್ಲಿ ಲೆಕ್ಕದ ಟೀಚರಿನಿಂದ ನನಗೆ ಬಂದ ಮೊದಲ ಮೆಚ್ಚುಗೆ. ಹೆಡ್‌ಮಿಸ್ಸು ಕೆಮ್ಮಿದರು. ಪರೀಕ್ಷಕಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು, ಭುಜ ಅಲುಗುತ್ತಿತ್ತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಾನು ನಕ್ಕದ್ದು ನೋಡಿ ನಲವತ್ತೊಂದು ಮಕ್ಕಳ ಬೆನ್ನು ಸಡಿಲವಾಯಿತು. ಆಮೇಲೆ ಪ್ರಶ್ನೆಗಳು ಬಂದವು ನೋಡಿ, ಮಡಕೆ ಒಡೆದ ಹಾಗೆ. ನೆಲ ಒರೆಸಿದ ಮೇಲೆ ಫ್ಯಾನ್ ಯಾಕೆ ಹಾಕುತ್ತಾರೆ, ಪೇಂಟು ಒಣಗಿದರೆ ಬಣ್ಣವೂ ಗಾಳಿಗೆ ಹೋಗುತ್ತದಾ, ಪೆನ್ನಿನ ಕ್ಯಾಪು ಹಾಕದಿದ್ದರೆ ಇಂಕು ಯಾಕೆ ಖಾಲಿಯಾಗುತ್ತದೆ.

ಗಂಟೆ ಹೊಡೆಯಲು ಎರಡು ನಿಮಿಷ ಇದ್ದಾಗ ಕಿಟಕಿ ಮೂಲೆಯ ಒಂದು ಹುಡುಗಿ ಕೈಯೆತ್ತಿದಳು. ಒಂದು ವರ್ಷದಿಂದ ಅವಳು ನನ್ನ ಪಾಠದಲ್ಲಿ ಹಾಜರಿ ಕೂಗಿದಾಗ ‘ಎಸ್ ಸರ್’ ಬಿಟ್ಟು ಬೇರೊಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಮಿಸ್, ಮಳೆ ದಿನ ಬಟ್ಟೆ ಒಣಗಲ್ಲ ಅಲ್ವಾ. ಅವತ್ತು ಗಾಳಿಗೆ ಹೊಟ್ಟೆ ತುಂಬಿರುತ್ತಾ?”

ಪಿಸುಪಿಸು ಮಿಸ್ ಅವಳ ಕಡೆ ತಿರುಗಿದರು. “ಇದು ನನ್ನ ಯೋಜನೆಯಲ್ಲಿ ಇರಲಿಲ್ಲ ಕಂದಾ. ಇರಬೇಕಾಗಿತ್ತು. ಹೌದು, ತುಂಬಿರುತ್ತೆ.”

ಮಾತಿನ ಬಾಲ ಕೊನೆಯ ಬೆಂಚಿನವರೆಗೆ ಬಂತು. ಗಂಟೆ ಹೊಡೆಯಿತು.

ಹೆಡ್‌ಮಿಸ್ಸಿನ ಕೋಣೆಯಲ್ಲಿ ಪರೀಕ್ಷಕಿ ಕೂತರು. ಪಿಸುಪಿಸು ಮಿಸ್ಸೂ ನಾನೂ ನಿಂತೆವು. ಪರೀಕ್ಷಕಿಯ ಮುಖದಲ್ಲಿ ಈಗ ನಗು ಇರಲಿಲ್ಲ.

“ಮಕ್ಕಳಿಗೆ ಉತ್ತರ ಮೊದಲೇ ಕಲಿಸಿದ್ದರು. ಹಾಗೆ ಮಾಡಿದರೆ ಪಾಠ ರದ್ದು, ಅದು ನಿಯಮ. ನಿಮಗೆ ಗೊತ್ತಿದೆ ಅಲ್ವಾ ಅಮ್ಮಾ?”

“ಗೊತ್ತಿದೆ ಮೇಡಂ.”

“ಕಲಿಸಿದ್ದು ನೀವಾ?”

ಆಕೆ ನನ್ನ ಕಡೆ ನೋಡಲಿಲ್ಲ. “ತರಗತಿ ನನ್ನದು ಮೇಡಂ. ಏನಾದರೂ ಜವಾಬ್ದಾರಿ ನನ್ನದೇ.”

ಈಗ ನಾನು ಬಾಯಿ ಬಿಡಬೇಕಿತ್ತು. ಪಾರಿವಾಳ ಹಾರಿಸಿದ, ಅಡ್ಡಗೋಡೆಗೆ ಗುಳಿ ಬೀಳಿಸಿದ ಗಂಟಲು ಇದು. ಬಿಟ್ಟೆ. ಏನೂ ಹೊರಡಲಿಲ್ಲ. ಎರಡನೇ ಸಲ ಪ್ರಯತ್ನಿಸಿದಾಗ ಒಂದು ಪಿಸುಗುಟ್ಟುವಿಕೆ ಬಂತು.

“ನಾ…”

“ಏನು? ಕೇಳಿಸಲಿಲ್ಲ” ಎಂದರು ಪರೀಕ್ಷಕಿ.

“ನಾನು ಮೇಡಂ. ನಾನು ಕಲಿಸಿದ್ದು. ಇವರಿಗೆ ಗೊತ್ತೇ ಇರಲಿಲ್ಲ.”

“ಯಾಕೆ?”

“ಇವರ ಧ್ವನಿ ಮಕ್ಕಳಿಗೆ ಕೇಳಿಸಲ್ಲ ಅಂದುಕೊಂಡಿದ್ದೆ.”

ಪರೀಕ್ಷಕಿ ವೀಕ್ಷಣಾ ಪುಸ್ತಕ ತೆರೆದರು. ನಿಧಾನವಾಗಿ ಹಾಳೆ ತಿರುವಿದರು. ‘ಪಾಠ ಗಮನಿಸಿದೆ. ಚೆನ್ನಾಗಿದೆ. ಧ್ವನಿ ಏರಿಸಬೇಕು.’ ‘ಪಾಠ ಗಮನಿಸಿದೆ. ಚೆನ್ನಾಗಿದೆ. ಧ್ವನಿ ಏರಿಸಬೇಕು.’ ಒಂದು ಕಡೆ ಬೆರಳಿಟ್ಟು ಹೆಡ್‌ಮಿಸ್ಸನ್ನು ಕೇಳಿದರು: “ಈ ಶನಿವಾರ ಶಾಲೆಗೆ ರಜೆ ಇತ್ತಲ್ವಾ?”

“ಇತ್ತು” ಎಂದರು ಹೆಡ್‌ಮಿಸ್ಸು.

“ರಜೆ ದಿನವೂ ಪಾಠ ಗಮನಿಸಿದ್ದಾರೆ. ಅದೂ ಚೆನ್ನಾಗಿತ್ತಂತೆ.”

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ನುಂಗಲಿಲ್ಲ. ನಮ್ಮ ಶಾಲೆಯ ನೆಲ ಗಟ್ಟಿ ಕಾಂಕ್ರೀಟಿನದು. “ನಾನು ಮೊದಲ ನಾಲ್ಕು ದಿನ ಬಿಟ್ಟರೆ ನೋಡಿಯೇ ಇಲ್ಲ ಮೇಡಂ. ಇವತ್ತೇ ನೋಡಿದ್ದು” ಎಂದೆ. “ಇವತ್ತು ಕೊನೇ ಬೆಂಚಿಗೆ ಪ್ರತಿಯೊಂದು ಮಾತೂ ಕೇಳಿಸಿತು.”

ಪರೀಕ್ಷಕಿ ಬಹಳ ಹೊತ್ತು ಏನನ್ನೋ ಬರೆದರು. ಕೊನೆಗೆ ತಲೆಯೆತ್ತಿದರು. “ಹೇಳಿಕೊಟ್ಟ ಪಾಠ ಮೂರು ನಿಮಿಷದಲ್ಲಿ ಕುಸಿದು ಬಿತ್ತು. ಆಮೇಲೆ ನಡೆದದ್ದನ್ನ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡೋಕೂ ಆಗಲ್ಲ. ನಾನು ಅಂಕ ಕೊಡ್ತಿರೋದು ಅದಕ್ಕೆ. ಪಾಸು ಅಮ್ಮಾ.” ನನ್ನ ಕಡೆ ತಿರುಗಿದರು. “ನಿಮಗೆ ಅಂಕ ಕೊಡೋ ಅಧಿಕಾರ ನನಗಿಲ್ಲ. ನಿಮ್ಮ ಪುಣ್ಯ.”

ಹೆಡ್‌ಮಿಸ್ಸಿಗೆ ಆ ಅಧಿಕಾರ ಇತ್ತು. ಅವರು ಅದನ್ನು ಆಮೇಲೆ ಬಾಗಿಲು ಹಾಕಿಕೊಂಡು ಚಲಾಯಿಸಿದರು, ವಿವರ ಬೇಡ.

ಹೊರಗೆ ವರಾಂಡದಲ್ಲಿ ಮೂವರು ಗೆಳತಿಯರು ಆಕೆಯನ್ನು ಅಪ್ಪಿಕೊಂಡು ಅತ್ತರು. ಆಕೆಯೂ ಅತ್ತರು, ಈ ಸಲ ಸದ್ದು ಮಾಡಿಯೇ. ಅವರೆಲ್ಲ ಹೋದ ಮೇಲೆ ನಾನು ಹತ್ತಿರ ಹೋದೆ.

“ತಪ್ಪಾಯ್ತಮ್ಮಾ.”

“ಅತ್ತೆ ಬಂದು ಕೇಳಿಕೊಂಡ್ರಾ ಸರ್?”

“ಹೂಂ.”

“ಇದನ್ನ ಅವರಿಗೆ ಹೇಳ್ಬೇಡಿ ಸರ್, ತಮ್ಮಿಂದಲೇ ಆಯ್ತು ಅಂತ ಕೊರಗ್ತಾರೆ.” ಫೈಲನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಹೇಳಿದರು: “ಆದ್ರೆ ನೀವು ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಸರ್.”

ಮೆಲ್ಲಗೇ ಹೇಳಿದರು. ಕೂಗಿ ಹೇಳಿದ್ದರೆ ನನಗಿಷ್ಟು ಕೇಳಿಸುತ್ತಿರಲಿಲ್ಲ.

ತರಬೇತಿ ಮುಗಿಸುವವರು ಕೊನೆಗೊಂದು ವರದಿ ಬರೆದುಕೊಡಬೇಕು. ಮೂರು ತಲೆಬರಹ ಕಾಲೇಜಿನವರೇ ಅಚ್ಚು ಹಾಕಿಸಿರುತ್ತಾರೆ: ನನ್ನ ಬೆಳವಣಿಗೆ, ಸಂವಹನ, ತಂಡದ ಕೆಲಸ. ಮಾರ್ಗದರ್ಶಕರು ಓದಿ ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟೋ ವರದಿಗಳಿಗೆ ನಾನು ಸಹಿ ಹಾಕಿದ್ದೇನೆ, ಓದಿದ್ದು ಇದೊಂದೇ. ಹನ್ನೊಂದು ಪುಟ. ಓದಲು ಕೂತಾಗ ಕುರ್ಚಿಯನ್ನು ಡ್ರಿಲ್ ಮೇಷ್ಟ್ರು ಆಕ್ರಮಿಸಿದ್ದರು, ನಿಂತೇ ಓದಿದೆ.

ಪೆನ್ಸಿಲ್ಲಿನ ಕಥೆ, ಅತ್ತೆಯ ಚಾಕುವಿನ ಕಥೆ ಎಲ್ಲ ನನಗೆ ತಿಳಿದದ್ದು ಅಲ್ಲೇ. ‘ಸಂವಹನ’ದ ಕೆಳಗೆ ಹೀಗಿತ್ತು: ‘ನನ್ನ ಧ್ವನಿ ಚಿಕ್ಕದು ಎಂದು ಎಲ್ಲರೂ ಹೇಳಿದರು. ನಾನೂ ನಂಬಿದ್ದೆ. ಚಿಕ್ಕದಾಗಿದ್ದದ್ದು ಧ್ವನಿಯಲ್ಲ, ಮಾತು ಮುಗಿಸುವ ಧೈರ್ಯ. ಯಾರಾದರೂ ಬೇಡ ಅನ್ನುತ್ತಾರೇನೋ ಎಂಬ ಹೆದರಿಕೆಗೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ನನ್ನ ಗೆಳತಿಯರು ಪೆನ್ಸಿಲ್ ಎತ್ತಿ ಎತ್ತಿ ನನ್ನ ಮಾತು ಮುಗಿಸಲು ಕಲಿಸಿದರು. ಆ ಮೂರು ಪೆನ್ಸಿಲ್ಲುಗಳ ಋಣ ನನ್ನ ಮೇಲಿದೆ.’

‘ತಂಡದ ಕೆಲಸ’ದ ಕೆಳಗೆ ಗೆಳತಿಯರಾದ ಮೇಲೆ ಅತ್ತೆ, ಅತ್ತೆಯಾದ ಮೇಲೆ ನಲವತ್ತೊಂದು ಮಕ್ಕಳು, ಕೊನೆಗೆ ನಾನು. ‘ನನ್ನ ಮಾರ್ಗದರ್ಶಕರು ತರಗತಿಯನ್ನು ಪೂರ್ತಿ ನನ್ನ ಕೈಗೆ ಬಿಟ್ಟರು. ಅವರು ದಿನಾ ಹಿಂದೆ ಕೂತಿದ್ದರೆ ನಾನು ಮಕ್ಕಳನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಕೊನೆಯ ದಿನ ಅವರು ತಮ್ಮ ತಪ್ಪನ್ನು ನನ್ನ ಮುಂದೆಯೇ ಒಪ್ಪಿಕೊಂಡರು. ಮಕ್ಕಳ ಮುಂದೆ ನಾನು ತಪ್ಪಿದಾಗ ಹೇಗೆ ನಿಲ್ಲಬೇಕು ಎಂದು ಅದರಿಂದ ಕಲಿತೆ. ಅವರಿಗೆ ನಾನು ಕೃತಜ್ಞಳು.’

ಇದು ಹೊಗಳಿಕೆಯೋ ಕಪಾಳಮೋಕ್ಷವೋ ಎಂದು ಮೂರು ಸಲ ಓದಿ ನೋಡಿದೆ. ಮೂರನೇ ಸಲಕ್ಕೆ ಕನ್ನಡಕ ಮಂಜಾಯಿತು. ಆಕೆಗೆ ಕೊಂಕು ಬರುವುದಿಲ್ಲ. ಬರೆದದ್ದು ನಿಜವಾಗಿಯೇ ಬರೆದದ್ದು. ನನ್ನ ಸೋಮಾರಿತನವನ್ನೂ ಋಣದ ಪಟ್ಟಿಗೆ ಸೇರಿಸಿಕೊಳ್ಳಬಲ್ಲ ಮನಸ್ಸು ಅದು. ಸಹಿಯ ಮೇಲೆ ‘ಗಮನಿಸಿದೆ’ ಎಂದು ಬರೆಯಲು ಹೋಗಿ ಕೈ ತಡೆದೆ. ‘ಇವರಿಂದ ಕಲಿತೆ’ ಎಂದು ಬರೆದು ಸಹಿ ಹಾಕಿದೆ.

ಆಕೆ ಈಗ ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ ಟೀಚರ್. ನಮ್ಮ ಶಾಲೆಯಿಂದ ಹೋಗುವ ದಿನ ಅತ್ತೆಯವರೂ ಬಂದಿದ್ದರು. ನನ್ನ ಎರಡೂ ಕೈ ಹಿಡಿದು, “ನಿಮ್ಮಿಂದಲೇ ಆಯ್ತು ಮೇಷ್ಟ್ರೇ” ಎಂದರು. ಸೊಸೆ ಪಕ್ಕದಲ್ಲೇ ನಿಂತು ತುಟಿ ಕಚ್ಚಿ ನಗು ತಡೆದುಕೊಂಡರು. ನಿಜ ಹೇಳುವಂತಿಲ್ಲ, ಸೊಸೆ ಬೇಡ ಎಂದಿದ್ದರು. “ಇಲ್ಲಮ್ಮಾ, ನನಗೇ ಇವರಿಂದ ಆಯ್ತು” ಎಂದೆ. ಮೆಲ್ಲಗೆ ಹೇಳಿದ್ದರಿಂದ ಅವರಿಗೆ ಕೇಳಿಸಲಿಲ್ಲ.

ಮಾರನೇ ದಿನ ಆರನೇ ‘ಬಿ’ ಮತ್ತೆ ನನ್ನ ಕೈಗೆ ಬಂತು. ಬೋರ್ಡಿನ ಮೇಲೆ ಒಂದು ಉತ್ತರ ಬರೆದು, “ಇದಕ್ಕೆ ಪ್ರಶ್ನೆ ನೀವೇ ಹುಡುಕಿ” ಎಂದೆ, ಆದಷ್ಟು ಸಣ್ಣ ಧ್ವನಿಯಲ್ಲಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುಂದಕ್ಕೆ ಬಾಗಿದರು. ಹತ್ತು ನಿಮಿಷ ಹೀಗೇ ನಡೆಯಿತು. ಆಗ ಅಡ್ಡಗೋಡೆಗೆ ಏಟು ಬಿತ್ತು. ಮೂರಲ್ಲ, ಒಂದೇ, ಅದೂ ಅನುಮಾನದ್ದು. ಮರುಕ್ಷಣ ಲೆಕ್ಕದ ಟೀಚರು ಡಸ್ಟರ್ ಸಮೇತ ನಮ್ಮ ಬಾಗಿಲಲ್ಲಿ ನಿಂತಿದ್ದರು, ಮುಖದಲ್ಲಿ ನಿಜವಾದ ಗಾಬರಿ.

“ಮೇಷ್ಟ್ರೇ, ಇದ್ದೀರಾ? ಏನೂ ಸದ್ದೇ ಇಲ್ಲ! ಗಂಟಲಿಗೆ ಏನಾಯ್ತು?”

ನಾನು ಬಾಯಿ ತೆರೆಯುವ ಮೊದಲೇ ನಲವತ್ತೊಂದು ಜನ ಒಕ್ಕೊರಲಿನಿಂದ ಉತ್ತರಿಸಿದರು, ಯಾರೂ ಹೇಳಿಕೊಡದೆ:

“ಒಣಗಿದೆ ಮಿಸ್!”